ಬಗ್ಗಿದ ಬಿಲ್ಲೆ

ಈ ಭಾನುವಾರವೂ ಬಗ್ಗಿದ್ದು ಅದೇ ಬಿಲ್ಲೆ ಎಂದು ನನ್ನ ಅನುಮಾನ. ಸಾಬೀತು ಮಾಡುವ ದಾರಿಯಿಲ್ಲ. ಅಕ್ಕನ ಮಗನಾದ ಅಳಿಯನ ರಿವಾಲ್ವರಿನ ಆ ಬಿಲ್ಲೆ ಇರುವುದು ಟೆಕ್ಸಾಸಿನಲ್ಲಿ, ನಾನಿರುವುದು ಪೆರ್ಲದ ಹತ್ತಿರ, ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯ ಬದಿಯಲ್ಲಿ. ನಮ್ಮಲ್ಲಿ ವೀಡಿಯೋ ಕಾಲಿಗೆ ರೇಂಜ್ ಸಿಗುವ ಜಾಗ ಅದೊಂದೇ. ಅಳಿಯನಿಗೆ ರೇಂಜಿನ ಬರಗಾಲವಿಲ್ಲ. ಶನಿವಾರ ಇಡೀ ಶೂಟಿಂಗ್ ರೇಂಜಿನಲ್ಲೇ ಇರುತ್ತಾನೆ. ಮನೆಗೆ ಬಂದು ಉಂಡು ರಾತ್ರಿ ಎಂಟೂವರೆಗೆ ಫೋನು ಮಾಡಿದರೆ ಇಲ್ಲಿ ಬೆಳಗ್ಗೆ ಏಳು ಗಂಟೆ. ಅಂಗಳದಲ್ಲಿ ಅಡಕೆ ಹರಡುವ ಹೊತ್ತು, ಮೇಲೆ ಮೋಡ ಬೇರೆ.

"ಮಾವ, ಟ್ರಿಗರ್ ಕಲ್ಲಿನ ಹಾಗೆ ಆಗಿದೆ. ಇದು ಬಗ್ಗಿದೆಯಾ ನೋಡಿ ಹೇಳಿ" ಎಂದು ಬಿಲ್ಲೆಯನ್ನು ಕ್ಯಾಮರಾದ ಮೂತಿಗೆ ಹಿಡಿಯುತ್ತಾನೆ. ನನಗೆ ಕಾಣುವುದು ಬೂದು ಬಣ್ಣದ ಒಂದು ಚಕ್ಕುಲಿ, ಅದೂ ಎರಡು ಸೆಕೆಂಡು. ಆಮೇಲೆ ಚಿತ್ರ ನಿಂತುಹೋಗುತ್ತದೆ, ಅಳಿಯನ ಬಾಯಿ ಅರ್ಧ ತೆರೆದಿರುತ್ತದೆ. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಗಡು ಕೂದಲೆಳೆಯಷ್ಟು ಬಗ್ಗಿದೆಯೋ ಇಲ್ಲವೋ ಎಂದು ಗೊಬ್ಬರದ ಗುಂಡಿಯ ಬದಿಯಲ್ಲಿ ನಿಂತು ತೀರ್ಪು ಕೊಡಬೇಕು. ಸೈನ್ಯದಲ್ಲಿ ಕೋವಿ ರಿಪೇರಿಯ ಆರ್ಮರರ್ ಆಗಿದ್ದ ತಪ್ಪಿಗೆ ಇದು. ಮದುವೆಮನೆಯ ಪಂಕ್ತಿಯಲ್ಲಿ ಕೂತ ಡಾಕ್ಟರಿಗೆ ಮಂಡಿನೋವು ತೋರಿಸುತ್ತಾರಲ್ಲ, ಹಾಗೆ.

ಬಿಲ್ಲೆ ಎಂದರೆ ಮೂನ್ ಕ್ಲಿಪ್, ತೋಟೆಗಳನ್ನು ಒಟ್ಟಿಗೆ ಹಿಡಿದಿಡುವ ತಗಡು. ಅಳಿಯನ ಹತ್ತಿರ ಇರುವುದು ಪಿಸ್ತೂಲಿನ ತೋಟೆ ತಿನ್ನುವ ರಿವಾಲ್ವರ್, .45 ಎಸಿಪಿ, ಆರು ಗುಂಡಿನದು. ರಿವಾಲ್ವರಿನ ಸ್ವಂತ ತೋಟೆಗೆ ಬುಡದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಆ ಅಂಚೇ ತೋಟೆ ಒಳಗೆ ಜಾರದಂತೆ ತಡೆಯುವುದು. ಗುಂಡು ಹೋದ ಮೇಲೆ ಎಕ್ಸ್‌ಟ್ರಾಕ್ಟರಿನ ನಕ್ಷತ್ರ (ತೋಟೆ ಕೂರುವ, ತಿರುಗುವ ಸಿಲಿಂಡರಿನ ನಡುವಿನ ನಕ್ಷತ್ರದಾಕಾರದ ತುಂಡು) ಖಾಲಿ ಚಿಪ್ಪನ್ನು ಹೊರಗೆ ತಳ್ಳುವುದೂ ಅದೇ ಅಂಚನ್ನು ಹಿಡಿದು. ಪಿಸ್ತೂಲಿನ ತೋಟೆಯ ಕಥೆ ಬೇರೆ. ಅದು ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕೂತು ಜಾರಬೇಕು, ಅಂಚು ಚಾಚಿಕೊಂಡಿದ್ದರೆ ಒಂದಕ್ಕೊಂದು ಕೊಕ್ಕೆ ಬೀಳುತ್ತದೆ. ಆದ್ದರಿಂದ ಅಂಚನ್ನು ಮೈಯಳತೆಗೇ ಇಳಿಸಿ, ಅದರ ಪಕ್ಕದಲ್ಲಿ ಸುತ್ತ ಸಣ್ಣ ತೋಡು ಕೊರೆದಿರುತ್ತಾರೆ. ಇಂಥ ತೋಟೆಯನ್ನು ರಿವಾಲ್ವರಿಗೆ ಹಾಕಿದರೆ ನಕ್ಷತ್ರಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಗುಂಡು ಹಾರಬಹುದು, ಚಿಪ್ಪು ಒಳಗೇ ಕೂತಿರುತ್ತದೆ, ಬಾಡಿಗೆ ಕೊಡದೆ ಬಿಡಾರ ಬಿಡದವನ ಹಾಗೆ.

ಈ ಬೆರಕೆ ಶುರುವಾದದ್ದು ಶೋಕಿಗಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ 1911 ಮಾದರಿಯ ಪಿಸ್ತೂಲುಗಳು ಸಾಲಲಿಲ್ಲ, .45 ತೋಟೆ ಬೇಕಾದಷ್ಟಿತ್ತು. ಕೋಲ್ಟ್ ಮತ್ತು ಸ್ಮಿತ್ ಆಂಡ್ ವೆಸನ್ ತಮ್ಮ ದೊಡ್ಡ ರಿವಾಲ್ವರುಗಳನ್ನೇ ಆ ತೋಟೆಗೆ ಹೊಂದಿಸಿಕೊಟ್ಟವು. ಮೂರು ಮೂರು ತೋಟೆಯ ತೋಡಿಗೆ ಸಿಕ್ಕಿಕೊಳ್ಳುವ ಅರ್ಧಚಂದ್ರದಂಥ ಉಕ್ಕಿನ ತಗಡು, ಒಂದು ಸಿಲಿಂಡರಿಗೆ ಎರಡು. ನಕ್ಷತ್ರ ತಗಡನ್ನು ತಳ್ಳಿದರೆ ತಗಡು ಚಿಪ್ಪುಗಳನ್ನು ಎಳೆದುಕೊಂಡು ಬರುತ್ತದೆ. ಮೊದಮೊದಲ ಕೋಲ್ಟ್‌ಗಳಲ್ಲಿ ಸಿಲಿಂಡರನ್ನು ನೇರ ಕೊರೆದುಬಿಟ್ಟಿದ್ದರು. ತಗಡಿಲ್ಲದೆ ಹಾಕಿದರೆ ತೋಟೆ ಮುಂದಕ್ಕೆ ಜಾರಿ, ಸುತ್ತಿಗೆ ಬಡಿದರೂ ಏಟು ತಾಗುತ್ತಿರಲಿಲ್ಲ. ಸ್ಮಿತ್ ಆಂಡ್ ವೆಸನ್ನಿನದರಲ್ಲಿ ಚಿಪ್ಪಿನ ಬಾಯಿಯನ್ನು ತಡೆಯಲು ತೂತಿನೊಳಗೆ ಮೆಟ್ಟಿಲಿತ್ತು, ತಗಡಿಲ್ಲದೆಯೂ ಹಾರುತ್ತಿತ್ತು, ಆಮೇಲೆ ಪೆನ್ಸಿಲು ತೂರಿಸಿ ಒಂದೊಂದೇ ಚಿಪ್ಪು ಕುಟ್ಟಿ ತೆಗೆಯಬೇಕು. 1920ರಲ್ಲಿ ಅದೇ ತೋಟೆಗೆ ದಪ್ಪ ಅಂಚು ಕಟ್ಟಿ .45 ಆಟೋ ರಿಮ್ ಎಂದು ಬೇರೆಯೇ ತಂದರು. ಅಳಿಯನಿಗೆ ಅದು ಬೇಡ. "ಸಿಗುವುದು ಕಷ್ಟ, ಕ್ರಯ ಜಾಸ್ತಿ ಮಾವ." ಈ ಮಾತು ಅವನ ಅಮ್ಮನದು, ಅಂದರೆ ನನ್ನ ಅಕ್ಕನದು, ಅಕ್ಷರಕ್ಷರ.

ಈಗಿನದು ಪೂರ್ಣಚಂದ್ರ. ಆರೂ ಒಟ್ಟಿಗೆ ಒಳಗೆ, ಆರೂ ಒಟ್ಟಿಗೆ ಹೊರಗೆ. ಬಿಲ್ಲೆ ನೆಟ್ಟಗಿದ್ದರೆ ಇಷ್ಟು ಬೇಗ ತುಂಬಿಸುವ ರಿವಾಲ್ವರ್ ಬೇರೆ ಇಲ್ಲ ಎಂದು ನಾನೂ ಒಪ್ಪುತ್ತೇನೆ. 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಎಂಬಾತ ಸ್ಮಿತ್ ಆಂಡ್ ವೆಸನ್ 625 ಮಾದರಿಯ ರಿವಾಲ್ವರಿನಲ್ಲಿ ಆರು ಹೊಡೆದು, ಮತ್ತೆ ತುಂಬಿಸಿ, ಇನ್ನಾರು ಹೊಡೆದದ್ದು 2.99 ಸೆಕೆಂಡಿನಲ್ಲಿ. ನಮ್ಮವನಿಗೆ ಅದೇ ಹನ್ನೆರಡು ಗುಂಡಿಗೆ ನನ್ನ ಒಂದು ಭಾನುವಾರ ಬೇಕು.

ಬಗ್ಗುವುದು ಗುಂಡು ಹಾರಿಸುವಾಗ ಅಲ್ಲ, ಹೆಚ್ಚಾಗಿ ಆಮೇಲೆ. ಖಾಲಿ ಚಿಪ್ಪು ಕೀಳಲು ಒಂದು ಕೊಳವೆ ಸಿಗುತ್ತದೆ. ಚಿಪ್ಪಿಗೆ ಸಿಕ್ಕಿಸಿ ಹೊರಳಿಸಿದರೆ ಟಪ್ಪೆಂದು ಬರುತ್ತದೆ. ಅಳಿಯ ಇಕ್ಕಳ ಹಾಕುತ್ತಾನೆ. ಚಿಪ್ಪು ಬರುತ್ತದೆ, ಬಿಲ್ಲೆಯ ಒಂದು ಹಲ್ಲೂ ಅದರ ಜೊತೆ ಬರಲು ಹೊರಡುತ್ತದೆ. ಇನ್ನು, ಕಂಪನಿಯಿಂದ ಕಂಪನಿಗೆ ಚಿಪ್ಪಿನ ತೋಡಿನ ಅಳತೆ ಬೇರೆ. ತೋಡು ಆಳ ಕಡಿಮೆಯಿದ್ದರೆ ಬಲ ಹಾಕಿ ಒತ್ತಬೇಕು, ಬಿಲ್ಲೆ ಬಗ್ಗುತ್ತದೆ. ಜಾಸ್ತಿಯಿದ್ದರೆ ತೋಟೆಗಳು ಸಡಿಲಾಗಿ ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತವೆ, ಆರು ತೂತಿಗೆ ಆರೂ ಒಂದೇ ಸಲ ಇಳಿಯುವುದಿಲ್ಲ. ತಿಳಿದವರು ಒಂದೇ ಮಾರ್ಕಿನ ಚಿಪ್ಪು ಆರಿಸಿ, ಅದಕ್ಕೆ ಹೊಂದುವ ಬಿಲ್ಲೆ ತರಿಸಿ, ಎರಡನ್ನೂ ಜೋಡಿಯಾಗಿಯೇ ಇಡುತ್ತಾರೆ. ಗುಂಡಿನ ಮೂತಿಯೂ ಉರುಟಾಗಿರಬೇಕು, ಚಪ್ಪಟೆ ಮೂತಿ ತೂತಿನ ಅಂಚಿಗೆ ತಡೆಯುತ್ತದೆ.

ಬಗ್ಗಿದ ಬಿಲ್ಲೆ ಸಿಲಿಂಡರಿನ ಹಿಂದಿನ ಗೋಡೆಗೆ ಉಜ್ಜುತ್ತದೆ. ಸಿಲಿಂಡರ್ ತಿರುಗಿಸುವುದು ಟ್ರಿಗರೇ ಆದ್ದರಿಂದ ಆ ಭಾರವೆಲ್ಲ ಬೆರಳಿಗೆ. ಕೆಲವೊಮ್ಮೆ ತೋಟೆ ತುಸು ಮುಂದೆ ಕೂತು ಸುತ್ತಿಗೆಯ ಏಟು ಮೆತ್ತಗಾಗಿ ಈಡು ಹುಸಿಯಾಗುತ್ತದೆ. ಪರೀಕ್ಷೆಗೆ ಮಾವ ಬೇಕಾಗಿಲ್ಲ. ಖಾಲಿ ಬಿಲ್ಲೆಯನ್ನು ಕನ್ನಡಿಯ ಮೇಲಿಟ್ಟು ಉಗುರಿನಿಂದ ಸುತ್ತಲೂ ಒತ್ತಿದರೆ ಎದ್ದ ಕಡೆ ಟಿಕ್ ಟಿಕ್ ಅನ್ನುತ್ತದೆ. ಅಥವಾ ಮದ್ದಿಲ್ಲದ ಡಮ್ಮಿ ತೋಟೆ ಆರು ಸಿಕ್ಕಿಸಿ ನಿಧಾನ ಟ್ರಿಗರ್ ಎಳೆದರೆ ಯಾವ ತೂತಿನಲ್ಲಿ ಬಿಗಿ ಎಂದು ಗೊತ್ತಾಗುತ್ತದೆ. ಇಷ್ಟನ್ನು ನಾನು ಹೇಳಿದ್ದು ಎಷ್ಟು ಸಲವೋ ಲೆಕ್ಕ ಬಿಟ್ಟಿದ್ದೇನೆ.

ಆದರೂ ನನ್ನ ಪಿತ್ತ ನೆತ್ತಿಗೇರುವುದು ಇಕ್ಕಳಕ್ಕಲ್ಲ, ಡಬ್ಬಿಗೆ. ಹಳೆಯ ಬಿಸ್ಕತ್ತಿನ ಡಬ್ಬಿ, ಒಳಗೆ ಐವತ್ತು ಬಿಲ್ಲೆ. ಗಂಟೆಗಟ್ಟಲೆ ಹುಡುಕಿ, ಕನ್ನಡಿಗಿಟ್ಟು, ನನ್ನ ಅಡಕೆಯನ್ನು ಮಳೆಗೆ ಬಿಟ್ಟು, ಬಗ್ಗಿದ್ದು ಇದೇ ಎಂದು ಇಬ್ಬರೂ ಒಪ್ಪಿದ ಮೇಲೆ ಅವನು ಆ ಬಿಲ್ಲೆಯನ್ನು ತಿರುಗಿ ಅದೇ ಡಬ್ಬಿಗೆ ಹಾಕುತ್ತಾನೆ. ಠಣ್ ಎಂದು ಬಿದ್ದ ಸದ್ದು ಟೆಕ್ಸಾಸಿನಿಂದ ಪೆರ್ಲಕ್ಕೆ ಸ್ಪಷ್ಟ ಕೇಳುತ್ತದೆ. ಅದಕ್ಕೆ ಮಾತ್ರ ರೇಂಜಿನ ತೊಂದರೆಯೇ ಇಲ್ಲ.

"ಬಿಸಾಡು ಮಾರಾಯ!"

"ಇರಲಿ ಮಾವ, ಎಂತಕ್ಕಾದರೂ ಆಗ್ತದೆ."

ಎಂತಕ್ಕೆ ಆಗ್ತದೆ? ಮುಂದಿನ ಭಾನುವಾರಕ್ಕೆ ಆಗ್ತದೆ.

ಒಮ್ಮೆ ಬದಲಾವಣೆಗೆಂದು ಬೇರೆ ರೋಗ ತಂದಿದ್ದ. ಸ್ನೇಹಿತನ ಹಗುರದ 9 ಎಂಎಂ ರಿವಾಲ್ವರ್, ಮೂರನೇ ಗುಂಡಿಗೆ ಸಿಲಿಂಡರ್ ಬಂದ್. ಬಿಲ್ಲೆಗಳೆಲ್ಲ ನೆಟ್ಟಗೆ. ರಿವಾಲ್ವರಿನ ತೋಟೆಯಲ್ಲಿ ಚಿಪ್ಪಿನ ಬಾಯಿಯನ್ನು ಗುಂಡಿನ ಮೈಗೆ ಮಡಚಿ ಬಿಗಿದಿರುತ್ತಾರೆ, ಪಿಸ್ತೂಲಿನದರಲ್ಲಿ ಬರಿದೇ ಅಮುಕಿರುತ್ತಾರೆ. ಹಗುರದ ಕೋವಿ ಹಿಂದಕ್ಕೆ ಜಗ್ಗಿದಾಗಲೆಲ್ಲ ಉಳಿದ ತೋಟೆಗಳ ಗುಂಡು ಚೂರುಚೂರೇ ಮುಂದೆ ಬಂದು, ಕೊನೆಗೆ ಸಿಲಿಂಡರಿನ ಹೊರಗೆ ಮೂತಿ ಹಾಕಿ ಚೌಕಟ್ಟಿಗೆ ತಾಗುತ್ತದೆ. ಒಳ್ಳೆಯ ಸಮಸ್ಯೆ. ಆ ದಿನ ನನಗೆ ಖುಷಿಯೇ ಆಯಿತು.

ಆದರೆ ಮಾತನ್ನು ಬೇಲಿಯಾಚೆ ಆಚೆಮನೆಯ ಅಣ್ಣ ಕೇಳಿಸಿಕೊಂಡರು. ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದವರು. "ಹಾಗಾದರೆ ನನ್ನ .32 ರಿವಾಲ್ವರಿಗೂ .32 ಪಿಸ್ತೂಲಿನ ತೋಟೆ ಹಾಕಬಹುದಲ್ಲ?" .45, 9 ಎಂಎಂ ಎರಡೂ ನಮ್ಮಲ್ಲಿ ನಿಷಿದ್ಧ ಬೋರು (ನಳಿಗೆಯ ಅಳತೆ), ಮಾತೇ ಇಲ್ಲ. ಅಪಾಯವಿರುವುದು ಹೆಸರು ಒಂದೇ ಆದ ಈ .32ರಲ್ಲಿ. ಗುಂಡಿನ ಅಡ್ಡಳತೆ, ಚಿಪ್ಪಿನ ಉದ್ದ ಎಂದು ಹಿಡಿದರೆ ರಿವಾಲ್ವರಿನದು 7.65 ಗುಣಿಸು 23 ಮಿಲಿಮೀಟರ್, ಪಿಸ್ತೂಲಿನದು 7.65 ಗುಣಿಸು 17. ಪಿಸ್ತೂಲಿನ .32ಕ್ಕೆ ತುಸುವೇ ಹೊರಬಂದ ಅರೆ ಅಂಚಿದೆ, ಆದ್ದರಿಂದ ತೂತಿನಲ್ಲಿ ಕೂತ ಹಾಗೆ ಮಾಡುತ್ತದೆ. ಒತ್ತಡ ನೋಡಿದರೆ ರಿವಾಲ್ವರಿನ ತೋಟೆಗೆ ಮಿತಿ ಚದರ ಅಂಗುಲಕ್ಕೆ 15,000 ಪೌಂಡು, ಪಿಸ್ತೂಲಿನದಕ್ಕೆ 20,500. ಹಳೆಯ ಕೋವಿ ತಡೆಯಬೇಕಲ್ಲ! ಲೈಸೆನ್ಸಿನಲ್ಲಿ ಬರೆಯದ ಕೋವಿಯ ತೋಟೆ ಇಟ್ಟುಕೊಂಡರೆ ಠಾಣೆಯ ದಾರಿ ಬೇರೆ. ಬೇಡ ಎಂದೆ. "ನೀನು ಅವನಿಗಾದರೆ ಎಲ್ಲ ಹೇಳಿಕೊಡ್ತೀ" ಎಂದು ಮುಖ ಗಂಟು ಹಾಕಿ ಹೋದರು.

ಡಬ್ಬಿಯ ಚಾಳಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅಜ್ಜನ ಕೇಪಿನ (ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿಯ) ಕೋವಿಗೆ ಒಂದು ತಗಡಿನ ಡಬ್ಬಿಯಿತ್ತು. ಮಳೆಗಾಲದಲ್ಲಿ ಹಸಿ ಹಿಡಿದು ಹೊಟ್ಟದ ಕೇಪನ್ನು ಅಜ್ಜ ಉಫ್ ಎಂದು ಊದಿ ಅದೇ ಡಬ್ಬಿಗೆ ಹಾಕುತ್ತಿದ್ದರು. "ಬಿಸಿಲು ಬರಲಿ, ಆಗ್ತದೆ." ಬಿಸಿಲು ಬರುವ ಮೊದಲೇ ಹಂದಿ ಬರುತ್ತಿತ್ತು. ಕೋವಿ ಟಿಕ್ ಎನ್ನುತ್ತಿತ್ತು. ಹಂದಿ ತಲೆಯೆತ್ತಿ ನೋಡಿ, ಮರಗೆಣಸು ಮುಗಿಸಿಯೇ ಹೋಗುತ್ತಿತ್ತು. ಆ ಡಬ್ಬಿ ಈಗಲೂ ಅಟ್ಟದಲ್ಲಿದೆ, ಖಾಲಿ. ಬಿಸಾಡಲು ನನಗೂ ಕೈ ಬಂದಿಲ್ಲ.

ಅದಕ್ಕೇ ಈ ಸಲ ಗದರಿಸದೆ ಸಮಾಧಾನದಲ್ಲಿ ಹೇಳಿದೆ: ಬಗ್ಗಿದ್ದನ್ನು ಒಳ್ಳೆಯದರ ಜೊತೆ ಇಡಬೇಡ, ಅಷ್ಟು ಮಾಡು ಸಾಕು. ಹೂಂ ಎಂದ. ಅಂಗಳ ತೋರಿಸಿ ಎಂದ, ತೋರಿಸಿದೆ. ಹನಿ ಬಿದ್ದಾಗಿತ್ತು, ಅಡಕೆ ನೆನೆಯುತ್ತಿತ್ತು. ಅದನ್ನೇ ಸುಮ್ಮನೆ ನೋಡುತ್ತ ಕೂತ.

"ಬೇರೆ ಡಬ್ಬಿ ಇಟ್ಟೆಯಾ?" ಎಂದು ಕೇಳಿದೆ.

"ಇಟ್ಟೆ ಮಾವ. ಎರಡೂ ಒಂದೇ ನಮೂನೆ ಡಬ್ಬಿ. ಈಗ ಯಾವುದರಲ್ಲಿ ಬಗ್ಗಿದ್ದು ಅಂತ ಗೊತ್ತಾಗ್ತಿಲ್ಲ. ಒಂದೊಂದೇ ತೋರಿಸ್ತೇನೆ, ನೋಡಿ."