ಸುಸ್ಥಿರ ಕಪಾಟು, ಸ್ಥಿರವಿಲ್ಲದ ಕಾಲು

'ಸುಸ್ಥಿರ' ಎಂಬ ಪದವನ್ನು ಬಿಡಿಸಿದರೆ 'ಸು' ಎಂಬ ಉಪಸರ್ಗವೂ 'ಸ್ಥಿರ' ಎಂಬ ವಿಶೇಷಣವೂ ಸಿಗುತ್ತವೆ. ರಟ್ಟಿನ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬಂದು, ನಾವೇ ಕೂತು ಜೋಡಿಸಿಕೊಳ್ಳಬೇಕಾದ ಅಗ್ಗದ ಪೀಠೋಪಕರಣಗಳ ತಯಾರಕರು ಈ ಎರಡರಲ್ಲಿ ಮೊದಲಿನದನ್ನು ಪೆಟ್ಟಿಗೆಯ ಮೇಲೆ ಹಸಿರು ಬಣ್ಣದಲ್ಲಿ ಮುದ್ರಿಸುತ್ತಾರೆ. ಎರಡನೆಯದನ್ನು ಪೆಟ್ಟಿಗೆಯೊಳಗೆ ಹಾಕಲು ಮರೆಯುತ್ತಾರೆ.

ನಾನು ಜೋಡಿಸಿದ ಪುಸ್ತಕದ ಕಪಾಟಿನ ಪೆಟ್ಟಿಗೆಯ ಮೇಲೆ ಒಂದು ಮರ, ಒಂದು ಎಲೆ ಮತ್ತು ಎರಡು ಅಂಗೈಗಳ ನಡುವೆ ಭದ್ರವಾಗಿ ಕುಳಿತ ಒಂದು ಭೂಗೋಳ ಇದ್ದವು. ಒಂದೇ ವರ್ಷದೊಳಗೆ ಕಪಾಟಿನ ಹಲಗೆಗಳೆಲ್ಲ ನಡುವಿನಲ್ಲಿ ಬಾಗಿ ಮುಗುಳ್ನಗತೊಡಗಿದವು. ಪುಸ್ತಕದ ಕಪಾಟು ಪುಸ್ತಕಗಳ ಭಾರವನ್ನು ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ.

ಹಲಗೆಯನ್ನು ದೂರುವುದು ತರವಲ್ಲ, ಏಕೆಂದರೆ ಪಾರ್ಟಿಕಲ್ ಬೋರ್ಡ್ ಎಂಬ ಈ ಪದಾರ್ಥದ ಹುಟ್ಟು ಪ್ರಾಮಾಣಿಕವಾದ ಮಿತವ್ಯಯದಲ್ಲಿದೆ. ಮರವನ್ನು ಕೊಯ್ಯುವಾಗ ಅದರಲ್ಲಿ ಬಹುಪಾಲು ಹೊಟ್ಟು, ಚಕ್ಕೆ, ಅಂಚುಪಟ್ಟಿಗಳಾಗಿ ವ್ಯರ್ಥವಾಗುತ್ತದೆಂದು ಕಂಡ ಜರ್ಮನಿಯ ಮ್ಯಾಕ್ಸ್ ಹಿಮೆಲ್‌ಹೆಬರ್ 1930ರ ದಶಕದಲ್ಲಿ ಆ ಚೂರುಗಳನ್ನೇ ಅಂಟಿನೊಡನೆ ಬೆರೆಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡುವ ದಾರಿ ತೋರಿಸಿದರು. ವ್ಯರ್ಥವಾಗುವುದನ್ನು ವಸ್ತುವಾಗಿಸುವುದು ಅವರ ಉದ್ದೇಶವಾಗಿತ್ತು. ವಸ್ತುವನ್ನು ಅಷ್ಟೇ ಬೇಗ ಮತ್ತೆ ವ್ಯರ್ಥವಾಗಿಸುವ ವಿದ್ಯೆ ಮಾತ್ರ ನಮ್ಮ ಕಾಲದ ಸ್ವಂತ ಕೊಡುಗೆ.

ಚೂರುಗಳನ್ನು ಹಿಡಿದಿಡುವುದು ಹೆಚ್ಚಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ಅಂಟು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದ್ದು 2004ರಲ್ಲಿ. ಹಲಗೆಯಿಂದ ಅದು ಅನಿಲವಾಗಿ ಹೊರಬರುವ ಪ್ರಮಾಣಕ್ಕೆ ಯುರೋಪಿನಲ್ಲಿ ಇ1 ಎಂಬ ದರ್ಜೆಯಿದೆ. ಆ 'ಇ' ಅಕ್ಷರವು 'ಇಲ್ಲ' ಎಂಬುದರ ಮೊದಲಕ್ಷರವೆಂದು ನಾನು ಬಹುಕಾಲ ನೆಮ್ಮದಿಯಿಂದ ನಂಬಿದ್ದೆ. ಅದು 'ಇಷ್ಟಕ್ಕೆ ಮೀರದು' ಎಂಬುದರ ಮೊದಲಕ್ಷರವೆಂದು ಆಮೇಲೆ ತಿಳಿಯಿತು. ಆ ಇಷ್ಟೂ ಹೆಚ್ಚಾಯಿತೆಂದು ಅನ್ನಿಸಿದ್ದರಿಂದಲೇ ಯುರೋಪಿಯನ್ ಒಕ್ಕೂಟವು ಮರದ ಪೀಠೋಪಕರಣಗಳಿಗೆ ಘನ ಮೀಟರ್ ಗಾಳಿಗೆ 0.062 ಮಿಲಿಗ್ರಾಂ ಎಂಬ ಹೊಸ ಮಿತಿಯನ್ನು 2023ರಲ್ಲಿ ಗೊತ್ತುಮಾಡಿ, ಅದು 2026ರ ಆಗಸ್ಟ್‌ನಿಂದ ಜಾರಿಗೆ ಬರತಕ್ಕದ್ದೆಂದು ವಿಧಿಸಿತು. ಅಲ್ಲಿಯವರೆಗೂ, ಆಮೇಲೂ, ನಾವು ಪೆಟ್ಟಿಗೆಯನ್ನು ತೆರೆದು 'ಹೊಸದರ ವಾಸನೆ ಎಷ್ಟು ಚೆನ್ನಾಗಿದೆ' ಎಂದು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಲೇ ಇರುತ್ತೇವೆ.

ಇದಕ್ಕಿಂತಲೂ ಮುಂದುವರಿದ ಪದಾರ್ಥವೊಂದಿದೆ. ದಪ್ಪ ಕಾಲುಗಳ ಗಟ್ಟಿಮುಟ್ಟಾದ ಅಗ್ಗದ ಮೇಜೊಂದನ್ನು ಒಂದೇ ಕೈಯಲ್ಲಿ ಎತ್ತಿದವರು ತಮ್ಮ ತೋಳ್ಬಲಕ್ಕೆ ತಾವೇ ಬೆರಗಾಗುವುದುಂಟು. ಅಂಚಿನ ಚೌಕಟ್ಟಿನ ಮೇಲೆ ತೆಳುವಾದ ಎರಡು ಹಾಳೆಗಳು, ಒಳಗೆ ಜೇನುಗೂಡಿನ ಆಕಾರದಲ್ಲಿ ಮಡಿಸಿದ ಕಾಗದ, ಉಳಿದದ್ದು ಗಾಳಿ. ಇಲ್ಲದ ಮರವನ್ನು ಕಡಿಯಬೇಕಾಗಿಲ್ಲ, ಇಲ್ಲದ ಭಾರವನ್ನು ಸಾಗಿಸಲು ಇಂಧನ ಬೇಕಾಗಿಲ್ಲ ಎಂಬ ತರ್ಕದಲ್ಲಿ ದೋಷವೇನೂ ಇಲ್ಲ; ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಜಾಣ ರಚನೆಯೇ ಸರಿ. ಆದರೆ ಆ ಮೇಜಿನ ನಡುವೆ ಒಂದು ಮೊಳೆ ಹೊಡೆದವರಿಗೆ, ದಾರ್ಶನಿಕರು ಇಡೀ ಆಯುಷ್ಯ ಸವೆಸಿ ಕಂಡ ಶೂನ್ಯದ ದರ್ಶನ ಸುತ್ತಿಗೆಯ ಒಂದೇ ಏಟಿಗೆ ಆಗುತ್ತದೆ.

ನಿಜವಾದ ಪರೀಕ್ಷೆ ನಡೆಯುವುದು ಮನೆ ಬದಲಿಸುವ ದಿನ. ಚಪ್ಪಟೆ ಪೆಟ್ಟಿಗೆಯಿಂದ ಬಂದದ್ದು ಮತ್ತೆ ಚಪ್ಪಟೆಯಾಗಬೇಕಲ್ಲವೇ ಎಂದು ನಂಬಿ ನಾನು ಕಪಾಟಿನ ಹಲಗೆಗಳನ್ನು ಒಂದಕ್ಕೊಂದು ಬಿಗಿಹಿಡಿದಿದ್ದ ಕ್ಯಾಮ್ ಲಾಕುಗಳನ್ನು ಒಂದೊಂದಾಗಿ ತಿರುಗಿಸಿದೆ. ಗಟ್ಟಿಮರದಲ್ಲಿ ಸ್ಕ್ರೂ ಮರದ ನಾರುಗಳನ್ನು ಹಿಡಿದು ನಿಲ್ಲುತ್ತದೆ. ಇಲ್ಲಿ ಅದು ಚೂರುಗಳನ್ನು ಹಿಡಿದು ನಿಂತಿರುತ್ತದೆ, ಹೊರಬರುವಾಗ ಆ ಚೂರುಗಳನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಕಪಾಟು ಓರೆಯಾಗದಂತೆ ಅದುವರೆಗೆ ತಡೆದಿದ್ದದ್ದು, ನಾನು ಬರಿಯ ಅಲಂಕಾರವೆಂದು ಭಾವಿಸಿ ಸಣ್ಣ ಮೊಳೆಗಳಿಂದ ಬಡಿದಿದ್ದ ಹಿಂಬದಿಯ ತೆಳುಹಾಳೆ. ಅದನ್ನು ಕಿತ್ತೊಡನೆ ಇಡೀ ಕಪಾಟು ಸಮಾನಾಂತರ ಚತುರ್ಭುಜದ ಪಾಠವನ್ನು ಪ್ರಾತ್ಯಕ್ಷಿಕೆಯ ಸಮೇತ ಹೇಳಿತು. ನೆಲ ಒರೆಸಿದ ನೀರನ್ನು ಕುಡಿದು ಉಬ್ಬಿದ್ದ ಬುಡದ ಹಲಗೆ ಒಣಗಿದ ಮೇಲೂ ಇಳಿದಿರಲಿಲ್ಲ, ಏಕೆಂದರೆ ಒತ್ತಿ ಕೂರಿಸಿದ ಚೂರುಗಳು ಒಮ್ಮೆ ಬಿಡುಗಡೆಯ ರುಚಿ ಕಂಡರೆ ತಾವಾಗಿ ಹಿಂದಿರುಗುವುದಿಲ್ಲ. 'ಬಿಡಿಸಿ ಜೋಡಿಸಬಹುದು' ಎಂದು ಕೈಪಿಡಿಯಲ್ಲಿದ್ದದ್ದು ಸುಳ್ಳಲ್ಲ. ಎಷ್ಟು ಸಲ ಎಂಬುದನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಿಡಿಭಾಗಗಳಾಗಿ ಸಾಗಿಸುವ ಉಪಾಯವೇ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಿದರೆ ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್‌ಗೆ ಅನ್ಯಾಯವಾಗುತ್ತದೆ. 1859ರಲ್ಲಿ ಆತನ ಕಾರ್ಖಾನೆ ಹೊರತಂದ 14ನೇ ಸಂಖ್ಯೆಯ ಕುರ್ಚಿಗೆ ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ 6 ತುಂಡುಗಳು, 10 ಸ್ಕ್ರೂಗಳು ಮತ್ತು 2 ನಟ್‌ಗಳು ಸಾಕಾಗಿದ್ದವು. ಅಂಥ 36 ಕುರ್ಚಿಗಳನ್ನು ಬಿಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಸ್ಕ್ರೂ ಸಡಿಲವಾದರೆ ಬಿಗಿ ಮಾಡಬಹುದಿತ್ತು, ಕಾಲು ಮುರಿದರೆ ಕಾಲನ್ನಷ್ಟೇ ಬದಲಿಸಬಹುದಿತ್ತು. ಪಾಪ, ಪೆಟ್ಟಿಗೆಯ ಮೇಲೆ ಎಲೆಯ ಚಿತ್ರ ಹಾಕಬೇಕೆಂಬುದು ಆತನಿಗೆ ಹೊಳೆದಿರಲಿಲ್ಲ.

ನಮ್ಮ ಎಲೆಯ ಚಿತ್ರಗಳ ಅರ್ಥವನ್ನು ತಿಳಿಯುವುದಕ್ಕೂ ಒಂದಿಷ್ಟು ಪಾಂಡಿತ್ಯ ಬೇಕು. 1993ರಲ್ಲಿ ಸ್ಥಾಪನೆಯಾದ ಅರಣ್ಯ ಪಾಲನಾ ಮಂಡಳಿ, ಅಂದರೆ ಎಫ್‌ಎಸ್‌ಸಿ, ಕೊಡುವ 'ಮಿಶ್ರ' ಎಂಬ ಮುದ್ರೆಯು ಪ್ರಮಾಣೀಕೃತ ಕಾಡಿನ ಮರ, ಮರುಬಳಕೆಯ ಮರ ಮತ್ತು ಪ್ರಮಾಣೀಕೃತವಲ್ಲದಿದ್ದರೂ ಅಕ್ರಮ ಮೂಲದ್ದಲ್ಲವೆಂದು ಪರಿಶೀಲಿಸಿದ, 'ನಿಯಂತ್ರಿತ' ಎಂಬ ಮೂರನೆಯ ಜಾತಿಯ ಮರವನ್ನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಮುದ್ರೆ ಹೇಳುವುದು ಮರ ಎಲ್ಲಿಂದ ಬಂತೆಂದು. ಕಪಾಟು ಎಷ್ಟು ದಿನ ಬಾಳೀತೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಮರ ಮತ್ತೆ ಬೆಳೆಯುವ ಸಂಪನ್ಮೂಲ ಎಂಬುದು ನಿಜ. ಆದರೆ ಮರ ಬೆಳೆಯಲು ದಶಕಗಳು ಬೇಕು, ಕಪಾಟು ಕುಸಿಯಲು ಎರಡು ಬಾಡಿಗೆ ಕರಾರುಗಳು ಸಾಕು ಎಂಬ ಲೆಕ್ಕವನ್ನು ಬಿಡಿಸಲು ಯಾವ ಮುದ್ರೆಯೂ ಬೇಕಾಗಿಲ್ಲ.

ಕುಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ ಆ ದೇಶದಲ್ಲಿ 2018ರಲ್ಲಿ ಎಸೆಯಲಾದ ಪೀಠೋಪಕರಣ ಮತ್ತು ಗೃಹಸಜ್ಜಿಕೆ ಸುಮಾರು 1 ಕೋಟಿ 20 ಲಕ್ಷ ಟನ್. ಅದರಲ್ಲಿ ಶೇ 80ರಷ್ಟು ಕಸ ಹೂಳುವ ನೆಲಭರ್ತಿಗೆ ಹೋಯಿತು, ಮರುಬಳಕೆಯಾದದ್ದು ಶೇ 1ಕ್ಕಿಂತಲೂ ಕಡಿಮೆ. ಚೂರುಗಳನ್ನು ಹಿಡಿದಿಟ್ಟ ಅಂಟು ಮತ್ತು ಅವುಗಳನ್ನು ತೇಗದಂತೆ ಕಾಣಿಸಿದ ಮೆಲಮೈನ್ ಹೊದಿಕೆ ಈಗ ಅವುಗಳನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ನನ್ನ ಕಪಾಟಿನ ವಿಷಯದಲ್ಲಿ ಸಲೀಸಾಗಿ ಮರುಬಳಕೆಗೆ ಹೋದದ್ದು ರಟ್ಟಿನ ಪೆಟ್ಟಿಗೆ ಒಂದೇ. ಹಾಗೆ ನೋಡಿದರೆ ತಯಾರಕರು ನನಗೆ ಮೋಸ ಮಾಡಿಲ್ಲ: 'ಸುಸ್ಥಿರ' ಎಂದು ಬರೆದದ್ದು ಪೆಟ್ಟಿಗೆಯ ಮೇಲೆ, ಅದು ಪೆಟ್ಟಿಗೆಯ ಕುರಿತಾದ ಮಾತು.

ಅನ್ಯಾಯವಾಗಬಾರದು, ನಿಜವಾಗಿಯೂ ಬಾಳುವ ವಸ್ತುವೊಂದು ಪ್ರತಿ ಪೆಟ್ಟಿಗೆಯಲ್ಲೂ ಇರುತ್ತದೆ. ಅದು ಅಪ್ಪಟ ಉಕ್ಕಿನ, ಆರು ಮುಖಗಳ, ತುದಿಯಲ್ಲಿ ಬಾಗಿದ ಅಲೆನ್ ಕೀ. ಒಮ್ಮೆ ಮಾತ್ರ ಜೋಡಿಸಬಹುದಾದ ಕಪಾಟಿಗೆ ಶಾಶ್ವತವಾದ ಕೀಲಿಯನ್ನು ಯಾರು ಕರುಣಿಸಿದರೋ ತಿಳಿಯದು. ನನ್ನ ಬಳಿ ಈಗ ಅಂಥ 11 ಕೀಲಿಗಳಿವೆ, ಅವುಗಳಿಂದ ಜೋಡಿಸಿದವುಗಳಲ್ಲಿ 2 ಉಳಿದಿವೆ. ಅವನ್ನೆಲ್ಲ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಮತ್ತು ಅವುಗಳ ಭಾರಕ್ಕೆ ಡ್ರಾಯರಿನ ತಳ ಮೆಲ್ಲನೆ ಮುಗುಳ್ನಗತೊಡಗಿದೆ.