ಚೊಂಬು ನೀರು, ರಾಜಕಾಲುವೆ ಪರೀಕ್ಷೆ

ಅಂತೂ ತೆರಿಗೆ ಕಟ್ಟುವ ಕೊನೇ ದಿನ ಸೈಟಿನ ಸರ್ವರ್ ಮತ್ತೆ ಮಲಗಿತು. ನೀವೂ ತೆರಿಗೆ ಕಟ್ಟಲು ಕೂತು ಆ ಚಕ್ರ ತಿರುಗುವುದನ್ನು ನೋಡಿದವರೇ, ಕತೆ ಬೇಡ. ಸಂಜೆ ಬಂದ ವಿವರಣೆ ಮಾತ್ರ ಸೊಗಸಾಗಿತ್ತು. ಇದು ನೆಟ್‌ವರ್ಕ್ ದಾಳಿ ಇರಬಹುದಂತೆ. ಆದರೆ ಗಾಬರಿ ಬೇಡವಂತೆ. ಇಂಥ ದಾಳಿ ತಡೆದುಕೊಳ್ಳುವ ಪರೀಕ್ಷೆಯಲ್ಲಿ ಸರ್ವರ್ ಆಗಲೇ ಪಾಸಾಗಿದೆಯಂತೆ.

ಪಾಸಾಗದೆ ಏನು ಮಾಡೀತು! ಒಳಗಿನ ಹುಡುಗನೊಬ್ಬ ಹೇಳಿದ: ಪರೀಕ್ಷೆ ನಡೆದದ್ದು ರಾತ್ರಿ ಎರಡು ಗಂಟೆಗೆ, ಅದೇ ಆಫೀಸಿನ ಒಂದೇ ಕಂಪ್ಯೂಟರಿನಿಂದ. ಆ ಒಂದು ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ಆ ಕಂಪ್ಯೂಟರಿನ ಮನೆ ನಂಬರು, ಬ್ಲಾಕ್ ಮಾಡಿದರೆ ದಾಳಿ ಖಲಾಸ್. ರಾಜಕಾಲುವೆಗೆ ಒಂದು ಚೊಂಬು ನೀರು ಸುರಿದು, ‘ಹರೀತು ನೋಡಿ ಸಾರ್’ ಅಂತ ಸಹಿ ಹಾಕಿಸಿಕೊಂಡ ಹಾಗೆ. 2022ರ ಸೆಪ್ಟೆಂಬರಿನಲ್ಲಿ ಮಳೆಗೆ ಬೆಂಗಳೂರಿನ ರಸ್ತೆಗಳು ಮುಳುಗಿ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರಲ್ಲ, ಆ ಕಾಲುವೆಗಳೂ ಕಾಗದದಲ್ಲಿ ಪಾಸೇ ಆಗಿದ್ದಿರಬೇಕು.

ನಿಜವಾದ ದಾಳಿ ಹೇಗಿರುತ್ತೆ ಗೊತ್ತಾ? ದರ್ಶಿನಿಗೆ ನೂರು ಜನ ನುಗ್ಗಿ ‘ಒಂದು ಕಾಫಿ’ ಅಂತಾರೆ. ಕೌಂಟರಿನವನು ಲೋಟ ಇಟ್ಟು ‘ಬನ್ನಿ ಸಾರ್’ ಅಂತಾನೆ. ಯಾರೂ ಬರಲ್ಲ. ಕೌಂಟರ್ ತುಂಬ ಲೋಟ. ನಿಜವಾಗಿ ಕಾಫಿ ಬೇಕಾದವನಿಗೆ ಜಾಗವೇ ಇಲ್ಲ. ಸರ್ವರಿಗೆ ಹೀಗೆ ಸುಳ್ಳು ಗಿರಾಕಿಗಳನ್ನು ತುಂಬಿಸುವುದೇ ಸಿನ್ ಫ್ಲಡ್. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಕಂಪನಿಯನ್ನು ಹೀಗೇ ಮಲಗಿಸಿದ್ದರು. ಮದ್ದೂ ಅದೇ ವರ್ಷ ಹೊಳೆಯಿತು, ಹೆಸರು ಸಿನ್ ಕುಕಿ. ಮೊದಲು ಚೀಟಿ ಕೊಡು, ಅದನ್ನು ವಾಪಸ್ ತಂದವನಿಗೆ ಮಾತ್ರ ಲೋಟ ಇಡು. (ಬೈ ಟು ಕೇಳುವವರಿಗೆ ಏನು ಮಾಡ್ತಾರೋ!)

ನಮ್ಮವರದು ಇಷ್ಟು ನಾಜೂಕಿನ ಕೆಲಸವಲ್ಲ. ಒಂದೇ ವಿಳಾಸದಿಂದ ಜಾಸ್ತಿ ಜನ ಬಂದರೆ ಬಾಗಿಲು ಹಾಕು, ಅಷ್ಟೇ. ಮೊಬೈಲ್ ನೆಟ್‌ವರ್ಕಿನಲ್ಲಿ ಎಷ್ಟೋ ಫೋನುಗಳು ಒಂದೇ ವಿಳಾಸದ ಹಿಂದೆ ಇರುತ್ತವೆ. ಬಸವನಗುಡಿಯಲ್ಲಿ ಯಾರೋ ರಿಫ್ರೆಶ್ ಒತ್ತಿದ್ದಕ್ಕೆ ರಾಜಾಜಿನಗರದ ನಾನು ದಾಳಿಕೋರ.

ಅಲ್ಲ ಸ್ವಾಮಿ, ಕೊನೇ ದಿನ ಜನ ಬರ್ತಾರೆ ಅಂತ ಆ ತಾರೀಖು ಹಾಕಿದವರಿಗೇ ಗೊತ್ತಿರಲಿಲ್ವಾ? ನಾವು ಕದಿಯೋಕೆ ಬಂದವರಲ್ಲ, ದುಡ್ಡು ಕೊಡೋಕೆ ಬಂದವರು. ಮೇಲಿನ ಮನೆ ಅಜ್ಜ ಕನ್ನಡಕದ ಹತ್ತಿರ ಫೋನ್ ಹಿಡಿದು, ಬಾರದ ಒಟಿಪಿಗೆ ರಾತ್ರಿ ಹನ್ನೊಂದರವರೆಗೆ ಕಾದರು. ಸಾಕಾಗಿದೆ.

ಮಾರನೇ ದಿನ ಸೈಟು ಝಮ್ಮಂತ ಓಪನ್ ಆಯಿತು. ಮೊತ್ತಕ್ಕೆ ದಂಡ ಸೇರಿಸಿ, ‘ನೀವು ರೋಬೋಟ್ ಅಲ್ಲ ತಾನೇ?’ ಎಂದು ಕೇಳಿತು. ಟ್ರಾಫಿಕ್ ಸಿಗ್ನಲ್ ಇರುವ ಚೌಕಗಳನ್ನೆಲ್ಲ ಒತ್ತಬೇಕಂತೆ. ಅಜ್ಜ ಇನ್ನೂ ಒತ್ತುತ್ತಾ ಇದ್ದಾರೆ.