ಅರ್ಧ ಗನಿ ಕತ್ತರಿಸಿದ ನಾಣ್ಯವಲ್ಲ

ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಬಹಮನಿ ಕಾಲದ ಸಣ್ಣ ತಾಮ್ರದ ನಾಣ್ಯಗಳು ದೊಡ್ಡವನ್ನು ಕತ್ತರಿಸಿ ಮಾಡಿದ ನಕಲಿಗಳಂತೆ. ‘ದೋ ಪಾಯಿ’ ಅನ್ನುವ ಹಳೆ ನಾಣ್ಯ ಇದ್ದರೆ ರಿಸರ್ವ್ ಬ್ಯಾಂಕ್ ಲಕ್ಷಗಟ್ಟಲೆ ಕೊಡುತ್ತದಂತೆ. ಎರಡೂ ತಪ್ಪು.

ಬಹಮನಿ ಸುಲ್ತಾನರ ತಾಮ್ರದ ನಾಣ್ಯಕ್ಕೆ ಗನಿ ಅಂತ ಹೆಸರು. ಅರ್ಧ ಗನಿ, ಮೂರನೇ ಒಂದು ಗನಿ ಎಲ್ಲವನ್ನೂ ಬೇರೆಯಾಗಿಯೇ ಟಂಕಿಸಿದ್ದರು. ಸಂತೆಗೆ ಚಿಲ್ಲರೆ ಬೇಕಲ್ವಾ? ಅರ್ಧ ಗನಿಯನ್ನು ಅಂಗೈಯಲ್ಲಿಟ್ಟು ನೋಡಿ. ಅಂಚಿಗೆ ಬಂದ ಅಕ್ಷರಗಳು ಅರ್ಧಕ್ಕೇ ನಿಂತಿರುತ್ತವೆ. ಕತ್ತರಿಸಿದ್ದು ಅನ್ನುವ ಮಾತು ಹುಟ್ಟಿದ್ದು ಇಲ್ಲೇ ಅನಿಸುತ್ತದೆ. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಸುತ್ತಿಗೆಯ ಏಟಿಗೆ ಬರಹದ ಒಂದು ಭಾಗ ಬಿಲ್ಲೆಯ ಹೊರಗೇ ಉಳಿಯುತ್ತಿತ್ತು. ನನ್ನ ಹತ್ತಿರದ ನಾಣ್ಯದಲ್ಲಿ ‘ಶಾಹ್’ ಅನ್ನುವಷ್ಟೇ ಓದಲು ಸಿಗುತ್ತದೆ. ನನಗೆ ಅದೇ ಜಾಸ್ತಿ ಇಷ್ಟ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಳೆಯ ಹಸಿರು-ಕಂದು ಪದರ ಹೋದರೆ ಮತ್ತೆ ಬರುವುದಿಲ್ಲ.

ದೋ ಪಾಯಿ ಬಹಮನಿ ಕಾಲದ್ದೇ ಅಲ್ಲ. ಅದು ಹೈದರಾಬಾದ್ ನಿಜಾಮರ ‘ಹಾಲಿ ಸಿಕ್ಕಾ’ ಅನ್ನುವ ಚಲಾವಣೆಯ ನಾಣ್ಯ, 20ನೇ ಶತಮಾನದಲ್ಲೂ ಅಚ್ಚಾದದ್ದು. ನಮ್ಮ ಕಡೆ ಎಷ್ಟೋ ಮನೆಗಳ ಹಳೆ ಪೆಟ್ಟಿಗೆಯಲ್ಲಿ ಸಿಗುತ್ತದೆ. ಹಳೆ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಕಮಿಷನ್ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ‘ಮೊದಲು ಫೀಸು ಕಳಿಸಿ’ ಎಂದು ಫೋನ್ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ಸುಮ್ನೆ ಹಂಚಿಕೊಳ್ಳುವ ಹಾಗಿಲ್ಲ. ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕು.